ಬಿಡಿ ಎಂದದ್ದು ಏನನ್ನು

ನವೆಂಬರ್ ಇಪ್ಪತ್ತೆಂಟು, ಶುಕ್ರವಾರ. ಸಲೂನಿನ ಒಂದೇ ಬೇಸಿನ್ನಿಗೆ ಅಂದು ಸಂಜೆಯವರೆಗೆ ಹನ್ನೊಂದು ಕತ್ತುಗಳು ಒರಗಿ ಎದ್ದಿದ್ದವು. ಹನ್ನೆರಡನೆಯದು ಮಹಡಿಯ ಮೇಲಿನ ಹಲ್ಲಿನ ಡಾಕ್ಟರದು.

ಸೋಮವಾರ ಅವನ ಕ್ಲಿನಿಕ್ಕು ಊರಿನ ಇನ್ನೊಂದು ಕೊನೆಗೆ ಹೋಗಲಿತ್ತು. ಸಾಮಾನೆಲ್ಲ ಪೆಟ್ಟಿಗೆ ಸೇರಿತ್ತು. ಹೇಳಬೇಕಾದ ಒಂದು ಮಾತು ಮಾತ್ರ ಗಂಟಲಲ್ಲೇ ಇತ್ತು. ದಿನವಿಡೀ ಊರವರಿಗೆಲ್ಲ ಬಾಯಿ ತೆರೆಯಿರಿ ಎನ್ನುವ ಮನುಷ್ಯ, ತಲೆ ತೊಳೆಯುವ ಹುಡುಗಿಯೆದುರು ಒಂದು ವರ್ಷದಿಂದ ಬಾಯಿ ಬಿಟ್ಟಿರಲಿಲ್ಲ.

"ಮತ್ತೆ ಬಂದ್ರಾ ಡಾಕ್ಟ್ರೇ? ಮಂಗಳವಾರ ತಾನೇ ತೊಳೆಸ್ಕೊಂಡ್ರಿ!" ಸಲೂನಿನ ಒಡತಿ, ಹುಡುಗಿಯ ಚಿಕ್ಕಮ್ಮ, ಕತ್ತರಿ ನಿಲ್ಲಿಸದೆ ಕೇಳಿದಳು. "ಹೀಗೇ ಉಜ್ಜಿಸ್ಕೊಂಡ್ರೆ ಇರೋ ನಾಲ್ಕು ಕೂದಲೂ ಕೈಗೆ ಬರುತ್ತೆ."

"ಧೂಳು," ಎಂದ. "ಸಾಮಾನು ಕಟ್ತಾ ಇದೀನಲ್ಲ."

ಹುಡುಗಿ ಸದ್ದು ಮಾಡಿ ನಗಲಿಲ್ಲ, ಕೆಲಸದ ವೇಳೆ ಅವಳ ನಗು ತುಟಿಯ ಕೊನೆಗಷ್ಟೇ ಸೀಮಿತ. ಬೇಸಿನ್ನಿನಲ್ಲಿ ಕತ್ತು ಕೂರುವ ತಗ್ಗನ್ನು ಔಷಧದ ನೀರಿನಿಂದ ಒರೆಸಿ, ಅದು ಕ್ರಿಮಿ ಕೊಂದು ಆರುವವರೆಗೆ ಕಾದಳು. ಅವನನ್ನು ಮೊದಲು ಸೋಲಿಸಿದ್ದು ಆ ಕಾಯುವಿಕೆಯೇ. ಒರೆಸುವವರು ಬಹಳ ಜನ. ಆರಲು ಬಿಡುವವರನ್ನು ಅವನು ತನ್ನ ವೃತ್ತಿಯಲ್ಲಿಯೂ ಅಪರೂಪಕ್ಕೆ ಕಂಡಿದ್ದ. ಬಳಿಕ ತೊಳೆದಿಟ್ಟ ರಬ್ಬರ್ ಮೆತ್ತೆ, ಅದರ ಮೇಲೆ ಒಗೆದ ಟವೆಲ್ಲು. ಹಿಂದಿನವರದು ಆಗಲೇ ಬುಟ್ಟಿ ಸೇರಿತ್ತು.

"ಸ್ವಲ್ಪ ಹಿಂದಕ್ಕೆ ಬನ್ನಿ. ಅಂಚು ಒತ್ತುತ್ತಾ?"

"ಇಲ್ಲ."

"ಸುಳ್ಳು. ಹುಬ್ಬು ಗಂಟಾಗಿದೆ." ಟವೆಲ್ಲನ್ನು ಇನ್ನೊಂದು ಮಡಿಕೆ ಮಡಿಸಿ ಕತ್ತಿನ ಕೆಳಗೆ ಇಟ್ಟಳು. "ಈಗ?"

"ಈಗ ಸ್ವರ್ಗ."

"ಅಷ್ಟು ದೂರ ಬೇಡ, ಇಲ್ಲೇ ಇರಿ."

ನೀರನ್ನು ಮೊದಲು ತನ್ನ ಮಣಿಕಟ್ಟಿಗೆ ಬಿಟ್ಟುಕೊಂಡು ಹದ ನೋಡಿ, ಆಮೇಲೆ ಅವನ ತಲೆಗೆ ಬಿಟ್ಟಳು. ಒರಗಿದವನಿಗೆ ಅವಳ ಮುಖ ತಲೆಕೆಳಗಾಗಿ ಕಾಣುತ್ತಿತ್ತು. ಅಲ್ಲಿ ನಗು ಕೆಳಕ್ಕೆ ಬಾಗುತ್ತಿತ್ತು, ಮುನಿಸು ಮೇಲಕ್ಕೆ. ಓದಲು ಅಭ್ಯಾಸ ಬೇಕಿತ್ತು. ಅವನು ಅಭ್ಯಾಸ ಮಾಡಿದ್ದ.

ನೊರೆ ಎದ್ದಿತು. ಅವಳ ಬೆರಳುಗಳು ಕಿವಿಯ ಹಿಂದೆ ಅವಸರವಿಲ್ಲದೆ ಸುತ್ತಿದವು.

"ಒಂದು ಮಾತು ಹೇಳ್ಬೇಕಿತ್ತು," ಎಂದ.

"ಹೇಳಿ." ಅವಳು ನೊರೆ ತೊಳೆಯಲು ನಲ್ಲಿ ತಿರುಗಿಸಿ, ಹಿಂಭಾಗಕ್ಕೆ ನೀರು ಹೋಗಲೆಂದು ಅಂಗೈಯನ್ನು ಅವನ ಕತ್ತಿನ ಕೆಳಗಿಟ್ಟಳು.

"ಒಂದು ವರ್ಷದಿಂದ... ನನ್ನ ಮನಸ್ಸಲ್ಲಿ ನೀವು..."

"ಬಿಟ್ಬಿಡಿ," ಎಂದಳು ಮೆಲ್ಲಗೆ.

ಅವನು ಕಣ್ಣೆತ್ತಿ ಅವಳ ಮುಖ ನೋಡಿದ.

"ಪೂರ್ತಿ ಬಿಟ್ಬಿಡಿ. ಹೀಗೆ ಹಿಡ್ಕೊಂಡಿದ್ರೆ ನಿಮಗೇ ನೋವು."

ಇದಕ್ಕಿಂತ ಮರ್ಯಾದೆಯಾಗಿ ಯಾರೂ ಯಾರನ್ನೂ ನಿರಾಕರಿಸಲಾರರು ಎಂದುಕೊಂಡ. ಎದ್ದ. "ಕ್ಷಮಿಸಿ" ಎಂದು ಹೇಳಿ, ತಲೆತುಂಬ ನೊರೆ ಹೊತ್ತು ಬಾಗಿಲು ದಾಟಿ ಮೆಟ್ಟಿಲು ಹತ್ತಿದ.

ಪೆಟ್ಟಿಗೆಗಳ ನಡುವೆ ಅವನು ಕುಳಿತಿರುವಾಗಲೇ ಅವಳು ಟವೆಲ್ಲು ಹಿಡಿದು ಏದುಸಿರು ಬಿಡುತ್ತ ಬಂದಳು.

"ಸೋಪು ಕಣ್ಣಿಗೆ ಹೋದ್ರೆ ಏನ್ರೀ ಗತಿ? ಅರ್ಧಕ್ಕೇ ಯಾರಾದ್ರೂ ಎದ್ದು ಹೋಗ್ತಾರಾ?"

"ನೀವೇ ಬಿಟ್ಬಿಡಿ ಅಂದ್ರಲ್ಲ."

"ಕತ್ತನ್ನ!" ಅವಳು ಹಣೆ ಚಚ್ಚಿಕೊಂಡಳು. "ಕತ್ತು ಸಡಿಲ ಬಿಡಿ ಅಂದೆ! ಕೊರಡಿನ ಥರ ಬಿಗಿ ಹಿಡ್ಕೊಂಡಿದ್ರಿ."

"ಹಾಗಾದ್ರೆ ನಾನು ಹೇಳಿದ್ದು?"

"ನೀರಿನ ಸದ್ದಲ್ಲಿ ಏನು ಕೇಳಿಸುತ್ತೆ? 'ಒಂದು ವರ್ಷದಿಂದ' ಅಂದದ್ದಷ್ಟೇ ಕೇಳಿಸ್ತು. ಕತ್ತು ನೋವು ಅಂದ್ಕೊಂಡೆ."

ನೊರೆಯ ಒಂದು ಹನಿ ಅವನ ಗದ್ದದಿಂದ ತೊಟ್ಟಿಕ್ಕಿತು.

"ಕತ್ತು ನೋವಲ್ಲ. ನೀವು. ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ."

ಅವಳ ತುಟಿಯ ಕೊನೆ ಮೇಲಕ್ಕೆ ಹೋಯಿತು. ಅಭ್ಯಾಸಬಲದಿಂದ ಅದನ್ನು ಮುನಿಸೆಂದೇ ಓದಿದ ಅವನು ತಡವರಿಸಿದ. "ಬೇಡ ಅಂದ್ರೆ ಪರವಾಗಿಲ್ಲ..."

"ಬೇಡ ಅಂತ ಯಾರು ಅಂದ್ರು? ಒಂದು ವರ್ಷದಲ್ಲಿ ನಿಮ್ಮನ್ನ ಬಿಟ್ಟು ಇನ್ಯಾರಿಗೆ ಟವೆಲ್ಲು ಎರಡೆರಡು ಸಲ ಮಡಿಸಿದೀನಿ, ಚಿಕ್ಕಮ್ಮನ್ನ ಕೇಳಿ."

"ಅವರನ್ನ ಕೇಳೋದಾ?"

"ಕೇಳ್ಬೇಕು, ಹೇಳ್ಬೇಕು, ಎರಡೂ ನೀವೇ. ನನ್ನ ಕೈಲಾಗಲ್ಲ. ಮೊದಲು ಕೆಳಗೆ ನಡೀರಿ. ನೊರೆ ಮೆತ್ತಿದ ಅಳಿಯನ್ನ ಅವರು ಒಪ್ಪಲ್ಲ."

ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. "ಏನ್ ಓಟ ಡಾಕ್ಟ್ರೇ ಅದು? ಹಲ್ಲು ಕೀಳಿಸ್ಕೊಳ್ಳೋರೂ ಹಾಗೆ ಓಡಲ್ಲ."

"ಒಂದು ವಿಷಯ ಇದೆ, ಅಮ್ಮಾ. ತಲೆ ತೊಳೆದು ಆಗ್ಲಿ, ಹೇಳ್ತೀನಿ."

ಹುಡುಗಿ ಹೊಸ ಟವೆಲ್ಲು ಹಾಸಿ, ಕತ್ತಿನ ಕೆಳಗೆ ಅಂಗೈ ಇಟ್ಟು ಕಾದಳು. ಮೆಲ್ಲಮೆಲ್ಲಗೆ ತಲೆಯ ಪೂರ್ತಿ ಭಾರ ಅವಳ ಕೈಗೆ ಬಂತು.

ಕೂದಲು ಒರೆಸಿಯಾದ ಮೇಲೆ ಚಿಕ್ಕಮ್ಮ ಕತ್ತರಿ ಕೆಳಗಿಟ್ಟು ಬಂದು, ಸೊಂಟಕ್ಕೆ ಕೈ ಕೊಟ್ಟು ನಿಂತಳು. ಅವಳಿಗೆ ಹೇಳಬೇಕಾದದ್ದು ಅಂದಿಗೆ ಬಾಕಿ ಉಳಿಯಿತು. ಅವನು ಒರಗಿದಲ್ಲೇ ನಿದ್ದೆ ಹೋಗಿದ್ದ.