ಹಾಲುಬಣ್ಣದ ಕುರ್ಚಿಗಳು

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ರೇವಂತ್ ಏದುಸಿರು ಬಿಡುತ್ತಾ ಠಾಣೆಯೊಳಗೆ ಬಂದಾಗ, ಎಲ್ಲೋ ಕೊಲೆಯೇ ಆಗಿರಬೇಕು ಎಂದುಕೊಂಡರು ಪಿಎಸ್‌ಐ ನಾರಾಯಣಮ್ಮ. ಆಗಿದ್ದು ಕುರ್ಚಿಗಳ ಕೊಲೆ. ಜರಗನಹಳ್ಳಿ ಬಸ್ ಸ್ಟಾಪಿನ ಎದುರಿನ ಕಟ್ಟಡದಲ್ಲಿ, ಗುರುವಾರ ಪೂಜೆಯಾಗಿ ಶುರುವಾಗಬೇಕಿದ್ದ ಅವನ ಹೊಸ ಆಫೀಸಿನ ನಲವತ್ತು ಕುರ್ಚಿಗಳನ್ನು ಭಾನುವಾರ ಯಾರೋ ಕುಯ್ದುಹಾಕಿದ್ದರು. ನಷ್ಟ ಲಕ್ಷ ದಾಟಿತ್ತು. ಎಫ್‌ಐಆರ್ ದಾಖಲಾಯಿತು.

ನಾರಾಯಣಮ್ಮನವರಿಗೆ ಅನುಮಾನ ಹುಟ್ಟುಗುಣ. ಮನೆಯಲ್ಲಿ ಒಂದು ಲೋಟ ಹಾಲು ಕಮ್ಮಿಯಾದರೂ ಮೂವರನ್ನು ವಿಚಾರಿಸದೆ ಬಿಡುವವರಲ್ಲ. ಮಹಜರಿಗೆ ಹೋದವರು ಮೊದಲು ಬಾಗಿಲು ನೋಡಿದರು. ಬೀಗ ಒಡೆದಿರಲಿಲ್ಲ. ಕ್ಯಾಮೆರಾ ಇನ್ನೂ ಕೂರಿಸಿರಲಿಲ್ಲ. ಬೀಗದ ಕೈ ಇದ್ದದ್ದು ರೇವಂತ್, ಕಟ್ಟಡದ ಮಾಲೀಕ ಚಿಕ್ಕಬೈರಪ್ಪ ಮತ್ತು ಆಫೀಸಿನ ಮೇಲುಸ್ತುವಾರಿ ನೋಡುವ ಶ್ವೇತಾ ಬಳಿ.

"ಆರ್ಡರ್ ಸಿಗದ ಕುರ್ಚಿ ಅಂಗಡಿಯವಂದ ಕೆಲಸ ಇರಬೇಕ್ರಿ ಮೇಡಂ," ಎಂದ ಕಾನ್‌ಸ್ಟೆಬಲ್ ಭೀಮರಾಯ.

"ಹೊಟ್ಟೆಕಿಚ್ಚಿನವನು ಬೆನ್ನಿನ ಬಟ್ಟೆ ಯಾಕೆ ಬಿಟ್ಟ? ಎಲ್ಲಾದ್ರಲ್ಲೂ ಕೂರೋ ಜಾಗ ಮಾತ್ರ ಕುಯ್ದಿದೆ, ನೋಡು."

ರೇವಂತನ ಕ್ಯಾಬಿನ್ನಿನ ಕಪ್ಪು ಚರ್ಮದ ಕುರ್ಚಿಗೆ ಗೀರೂ ಬಿದ್ದಿರಲಿಲ್ಲ. ಅವನ ಮೇಲೆಯೇ ಕಣ್ಣು ಹೋಯಿತು.

"ಇನ್ಶೂರೆನ್ಸ್ ಇದೆಯಾ?"

"ಇನ್ನೂ ಮಾಡ್ಸಿಲ್ಲ ಮೇಡಂ."

ಚಿಕ್ಕಬೈರಪ್ಪ ಕೆರಳಿದರು. "ನನ್ ಬಿಲ್ಡಿಂಗಲ್ಲಿ ನಾನ್ಯಾಕವ್ವ ಕುಯ್ಯಲಿ? ನಿನ್ನೆ ಯಡಿಯೂರಲ್ಲಿ ಮಗಳ ಮನೆ ಗೃಹಪ್ರವೇಶ." ವಿಡಿಯೋ ತರಿಸಿ ನೋಡಿದ್ದಾಯಿತು. ಬೆಳಗಿನಿಂದ ಸಂಜೆಯವರೆಗೂ ಅವರದೇ ಓಡಾಟ.

ಉಳಿದವಳು ಶ್ವೇತಾ. ಬಾಗಲಕೋಟೆ ಕಡೆಯವಳು, ಬಿಟಿಎಂನಲ್ಲಿ ರೂಮು. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ಈ ಬಟ್ಟೆ ಆರಿಸಿದ್ದು ಯಾರು?"

"ರೇವಂತ್ ಸಾರ್, ಪಾರ್ಟ್‌ನರ್ ಇಬ್ರು, ಡಿಸೈನರ್ ಸಾರ್. ಸ್ಯಾಂಪಲ್ ಹಿಡ್ಕೊಂಡು ನಾನೂ ಇದ್ನಿರಿ."

"ನೀನೇನಂದೆ?"

"ನೇವಿ ಬ್ಲೂ ಚಲೋ ಅಂದೆ. ಡಲ್ ಆಗ್ತದ, ಹಾಲುಬಣ್ಣಾನೇ ಕ್ಲಾಸ್ ಅಂದ್ರು."

"ಇಲ್ಲಿ ಕೂರೋರ್ಯಾರು?"

"ಫೋನಿನ ಮ್ಯಾಲ ಮಾತಾಡೋ ಹುಡುಗ್ಯಾರು. ಬರೇ ಹುಡುಗ್ಯಾರರಿ."

ಸಾಕು, ಹೋಗು ಎಂದರು. ಶ್ವೇತಾ ಎದ್ದಳು. ಏಳುತ್ತಲೇ ಕೈ ಕುರ್ತಾದ ಹಿಂಭಾಗಕ್ಕೆ ಹೋಯಿತು, ಕತ್ತು ತಿರುಗಿ ಕಣ್ಣು ಒಮ್ಮೆ ಕುರ್ಚಿಯ ಮೇಲೆ ಆಡಿತು. ನಾರಾಯಣಮ್ಮನವರ ಪೆನ್ನು ನಿಂತಿತು. ಖಾಕಿ ಪ್ಯಾಂಟು ತೊಟ್ಟ ಇಷ್ಟು ವರ್ಷವೂ ತಿಂಗಳಿಗೆ ನಾಲ್ಕು ದಿನ ಅವರು ಹೀಗೇ ಎದ್ದಿದ್ದರು. ಆದರೆ ಅನುಮಾನ ಮರುಕಕ್ಕೆ ಸುಮ್ಮನಾಗುವಂಥದ್ದಲ್ಲ.

"ನಿನ್ನ ಡ್ರಾಯರ್ ತೆಗಿಯಮ್ಮ."

ರಟ್ಟಿನ ಪೆಟ್ಟಿಗೆ ಕುಯ್ಯುವ ಬ್ಲೇಡು ಸಿಕ್ಕಿತು. ಅದರ ಸಂದಿಯಲ್ಲಿ ಹಾಲುಬಣ್ಣದ ಎಳೆಗಳು. ಪಂಚರ ಮುಂದೆ ಪಂಚನಾಮೆ ಬರೆದು ವಶಪಡಿಸಿಕೊಂಡರು. ಆಮೇಲೆ ಗಂಡಸರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು.

"ಎಲ್ಲಿ ಆಯ್ತು ನಿಂಗೆ?"

ಶ್ವೇತಾ ಒಮ್ಮೆ ಬಾಗಿಲ ಕಡೆ ನೋಡಿದಳು. "ಹಳೇ ಆಫೀಸಿನ್ಯಾಗ್ರಿ. ಅಲ್ಲೂ ತೆಳು ಬಣ್ಣದ ಕುರ್ಚಿ. ರಕ್ತದ ಕಲಿ ಆಗಿತ್ತು, ನನಗ ಗೊತ್ತಾಗಿಲ್ಲ. ಯಾರೋ ಫೋಟೋ ಹೊಡ್ದು ಗ್ರೂಪಿಗೆ ಹಾಕಿದ್ರು. ನಕ್ಕೋತ ನನ್ನ ಹೆಸರು ಬರ್ದಿದ್ರು. ಮತ್ತ ಆ ಕಡೆ ಕಾಲಿಡ್ಲಿಲ್ಲ." ಕಣ್ಣೊರೆಸಿಕೊಂಡಳು. "ಗುರುವಾರದಿಂದ ಈ ಹುಡುಗ್ಯಾರು ಇದರ ಮ್ಯಾಲ ಕುಂದರ್ತಿದ್ರಲ್ರಿ."

ಸೂರ್ಯ ಮುಳುಗುವ ಮೊದಲೇ ಬಂಧಿಸಿ ಠಾಣೆಗೆ ಕರೆತಂದರು. ಕೆಲಸದಿಂದ ತೆಗೆದಿದ್ದೇನೆ ಎಂದು ರೇವಂತ್ ಅಲ್ಲೇ ಹೇಳಿದ. ಕಾರಣ ಕೇಳಿದ ಮೇಲೆ ಅವನ ಮುಖ ಕೆಂಪಾಯಿತು.

"ಬಾಯ್ಬಿಟ್ಟು ಒಂದ್ಮಾತು ಹೇಳ್ಬಹುದಿತ್ತಲ್ಲ ಮೇಡಂ?"

"ಹೇಳಿದ್ಲಲ್ಲಪ್ಪ, ನೇವಿ ಬ್ಲೂ ಅಂತ."

ಜಾಮೀನು ಸಿಗುವ ಅಪರಾಧ. ರೂಮಿನ ಗೆಳತಿ ಬಂದು ಸಹಿ ಹಾಕಿದಳು. ಶ್ವೇತಾ ಠಾಣೆಯ ಬೆಂಚಿನಿಂದ ಎದ್ದಳು. ಮತ್ತೆ ಅದೇ ಕೈ, ಅದೇ ಕತ್ತು.

"ಏನೂ ಆಗಿಲ್ಲ ಕಣಮ್ಮ," ಎಂದರು ನಾರಾಯಣಮ್ಮ. "ನಾನು ನೋಡಿದೆ. ಹೋಗು."