ನಾಲ್ಕರ ಪಕ್ಕ ಒಂದು ಸೊನ್ನೆ

ಸೌದಿಯ ಖಮೀಸ್ ಮುಶೈತ್‌ನ ಆ ಆಸ್ಪತ್ರೆಯಲ್ಲಿ ಭಟ್ಕಳದ ಡಾಕ್ಟರ್ ಝುಹೈರ್ ಹೇಳಿದ ಮೇಲೆ ಸಾವಿಗೂ ಟೈಮ್ ಬದಲಿಸುವ ಧೈರ್ಯವಿರಲಿಲ್ಲ. ಐಸಿಯುವಿನಲ್ಲಿ ರೋಗಿಯ ಪಕ್ಕ ಎರಡು ನಿಮಿಷ ನಿಂತು "ಗುರುವಾರ, ಮಧ್ಯಾಹ್ನದ ನಮಾಝಿನ ಒಳಗೆ" ಎಂದನೋ, ಮುಗಿಯಿತು. ಹನ್ನೊಂದು ವರ್ಷದಲ್ಲಿ ತಪ್ಪಿದ್ದು ಒಂದೇ ಸಲ. ಅದೂ ರೋಗಿಯದೇ ತಪ್ಪು.

ಇಂಥ ಹುಲಿ, ಡಯಾಲಿಸಿಸ್ ನರ್ಸ್ ಮೈಮೂನತ್ ಎದುರು ಬಂದರೆ ಬೆಕ್ಕಿನ ಮರಿ. ಮಂಗಳೂರಿನ ಆ ಹುಡುಗಿ ಮಾಸ್ಕಿನ ಮೇಲೆ ಒಂದು ಹುಬ್ಬೆತ್ತಿದರೆ ಸುತ್ತಲಿನ ಬೆಟ್ಟಗಳೇ ಎರಡಡಿ ಹಿಂದೆ ಸರಿಯುತ್ತಿದ್ದವು.

ವಿಸಿಟ್ ವೀಸಾದಲ್ಲಿ ಬಂದಿದ್ದ ಅವಳ ತಾಯಿ ಅಲೀಮಮ್ಮ, ಸೋಂಕು ರಕ್ತಕ್ಕೇರಿ ಅವನ ಐಸಿಯುವಿಗೇ ಸೇರಿದರು. ಪಾಲಿಯೇಟಿವ್ ತಂಡದವರು ಬಂದು, ಇನ್ನು ಯಂತ್ರಗಳು ಬೇಡ, ನೋವು ಇಳಿಸಿ ನೆಮ್ಮದಿಯಾಗಿ ಇಡೋಣ ಎಂದರು.

ಮೈಮೂನತ್ ಝುಹೈರನ ಕೋಟಿನ ತೋಳು ಹಿಡಿದಳು. ಮೊದಲ ಸಲ.

"ಡಾಕ್ಟ್ರೇ, ನೀವು ಹೇಳಿ. ಉಮ್ಮ ಏಳ್ತಾರಾ?"

ನೂರಕ್ಕೆ ನಾಲ್ಕು. ಅವನಿಗೆ ಗೊತ್ತಿತ್ತು. ಆದರೆ ತೋಳಿನ ಮೇಲೆ ಆ ಐದು ಬೆರಳು!

"ನಲವತ್ತು ಪರ್ಸೆಂಟ್," ಎಂದ.

ಆ ನಲವತ್ತನ್ನು ನಂಬಿ ಅವಳು ಪಾಲಿಯೇಟಿವ್ ಬೇಡವೆಂದಳು. ತಾಯಿಯ ರಕ್ತವನ್ನು ತನ್ನ ಕೈಯಾರೆ ಡಯಾಲಿಸಿಸ್ ಯಂತ್ರಕ್ಕೆ ಹರಿಸಿದಳು. ಗಂಟಲಿನ ಕೊಳವೆ ಕಿತ್ತುಕೊಳ್ಳದಂತೆ ಅಲೀಮಮ್ಮನ ಕೈಗಳನ್ನು ಮಂಚಕ್ಕೆ ಕಟ್ಟಿದರು. ರಕ್ತದೊತ್ತಡ ಏರಿಸುವ ಮದ್ದಿಗೆ ಬೆರಳ ತುದಿಗಳು ಕಪ್ಪಾದವು. ಝುಹೈರನಿಗೋ, ಜಗತ್ತಿನ ಯಾವ ಪ್ರೇಮಿಗೂ ಸಿಗದ ಹತ್ತೊಂಬತ್ತು ದಿನಗಳು: ಕ್ಯಾಂಟೀನಿನಲ್ಲಿ ಒಟ್ಟಿಗೆ ಸುಲೈಮಾನಿ ಚಹಾ, ಗುಟುಕಿನ ನಡುವೆ ಅವಳ ಓರೆನೋಟ.

"ಎಂತ ಡಾಕ್ಟ್ರೇ, ಉಮ್ಮನನ್ನು ನೋಡ್ಲಿಕ್ಕೆ ಬರುದಾ, ನನ್ನನ್ನಾ?"

"ರೌಂಡ್ಸ್ ಸಿಸ್ಟರ್, ರೌಂಡ್ಸ್."

"ದಿನಕ್ಕೆ ಒಂಬತ್ತು ಸಲವಾ ಮಾರಾಯ್ರೇ?"

ಇಪ್ಪತ್ತನೆಯ ದಿನ ಅಲೀಮಮ್ಮ ಕಣ್ಣು ತೆರೆದರು. ಮಗಳನ್ನು ನೋಡಿ, ಕಟ್ಟಿದ ಕೈಯನ್ನು ಎಳೆದರು. ಮತ್ತೆ ಎಳೆದರು. ಬಿಚ್ಚು ಎಂದು.

ಝುಹೈರನಿಗೆ ತಡೆಯಲಾಗಲಿಲ್ಲ. "ನಾಲ್ಕೇ ಇದ್ದದ್ದು ಮೈಮೂನಾ. ನಿನ್ನ ಮುಖ ನೋಡಿ ಸೊನ್ನೆ ಸೇರಿಸಿದೆ. ನೀನಂದ್ರೆ ನನಗೆ ಜೀವ."

"ರಿಪೋರ್ಟ್ ಓದ್ಲಿಕ್ಕೆ ನನಗೂ ಬರ್ತದೆ," ಎಂದಳು ಅವಳು. "ಹೇಳಿದ್ದು ನೀವು ಅಂತ ನಂಬಿದೆ. ನನಗೂ ನೀವಂದ್ರೆ ಅಷ್ಟೇ ಇತ್ತು. ಈಗ ಪಾಲಿಯೇಟಿವ್ ಫಾರ್ಮಿಗೆ ಸೈನ್ ಹಾಕಿ."

ಪಾಲಿಯೇಟಿವ್ ವಾರ್ಡಿನಲ್ಲಿ ಕೊಳವೆ ತೆಗೆದರು, ಮಾರ್ಫಿನ್ ಕೊಟ್ಟರು, ಕೈ ಬಿಚ್ಚಿದರು. ಆ ಕಪ್ಪು ಬೆರಳುಗಳು ಮೊದಲು ಹುಡುಕಿದ್ದು ಮಗಳ ಕೆನ್ನೆಯನ್ನು.

ಝುಹೈರ್ ಬಾಗಿಲಲ್ಲಿ ನಿಂತ. "ಒಳಗೆ ಬರ್ಲಾ?"

"ಬೇಡ ಡಾಕ್ಟ್ರೇ. ಎಚ್ಚರಾಗಿ ಉಮ್ಮ ಯಾರಿವರು ಅಂತ ಕೇಳಿದ್ರೆ ನಾನು ಎಂತ ಹೇಳ್ಲಿ? ನಾನು ಮೆಚ್ಚಿದವರು ಅಂತ್ಲಾ, ಉಮ್ಮಾ, ನಿಮ್ಮ ಕೈ ಕಟ್ಟಿಸಿದವರು ಅಂತ್ಲಾ?"

ಅವಳು ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು. ಉಮ್ಮನಿಗೆ ಆಗಷ್ಟೇ ನಿದ್ದೆ ಹತ್ತಿತ್ತು.