ಕಾಳಿಂಗ ತೆಗೆಯದ ಬಿಂಬ

ಬಹಳ ಹಿಂದೆ, ಕನ್ನಡಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊಂಬಿಸಿಲು ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಬಿಂಬದ ಪೆಟ್ಟಿಗೆಗಳಿದ್ದವು. ಮುಚ್ಚಳ ತೆಗೆದು ಮುಚ್ಚಿದರೆ ಸಾಕು, ಎದುರಿಗಿದ್ದದ್ದು ಒಳಗಿನ ತಗಡಿನ ಮೇಲೆ ಬಂದು ಕೂರುತ್ತಿತ್ತು. ಕಂಚುಗಾರ ಕಾಳಿಂಗನಿಗೆ ಈ ಪೆಟ್ಟಿಗೆಯ ಹುಚ್ಚು.

ಅಂಥ ಹುಚ್ಚರದೇ ಒಂದು ಗುಂಪಿತ್ತು. ಪ್ರತಿ ಹುಣ್ಣಿಮೆಯ ಮರುದಿನ ಊರ ಸುತ್ತಮುತ್ತ ಎಲ್ಲಾದರೂ ಹೋಗಿ ಬಿಂಬ ಹಿಡಿಯುವುದು, ಸಂಜೆ ಅರಳಿಕಟ್ಟೆಯ ಮೇಲೆ ತಗಡು ಹರವಿಕೊಂಡು ಒಬ್ಬರದನ್ನೊಬ್ಬರು ಬೈಯುವುದು ಅವರ ಪದ್ಧತಿ. ಬೈಯುವುದರಲ್ಲಿ ಸಿದ್ದಾಜಮ್ಮನೆಂಬ ಮುದುಕಿ ಎಲ್ಲರಿಗಿಂತ ಮುಂದು.

ಕಾಳಿಂಗ ಗುಂಪು ಸೇರಿದ ಮೇಲೆ ಮೊದಲ ಸಲ ಕೆರೆಗೆ ಹೊರಟರು. ಅವನ ಹೆಂಡತಿ ಚೆನ್ನಾಜಿ ಕೆಂಪಂಚಿನ ಬಟ್ಟೆಯಲ್ಲಿ ಬುತ್ತಿ ಕಟ್ಟಿಕೊಟ್ಟು, "ರೀ, ನನ್ನದೂ ಒಂದು ತೆಗೀರಿ" ಅಂದಳು.

"ಬೆಳಕು ಸರಿಯಿಲ್ಲ ಕಣೆ" ಅಂದು ಕಾಳಿಂಗ ನಡೆದ. ಕೆರೆಯಲ್ಲಿ ಕೊಕ್ಕರೆಯ ಹಿಂದೆ ಓಡಿದ್ದೇ ಓಡಿದ್ದು. ಸಂಜೆ ಸಿದ್ದಾಜಮ್ಮ ತಗಡು ನೋಡಿ, "ಇದು ಕೊಕ್ಕರೆಯೋ, ಗೋಡೆಯಿಂದ ಉದುರಿದ ಸುಣ್ಣವೋ? ಓಡಬೇಡ ಮಗ, ನಿಲ್ಲೋದು ಕಲಿ" ಅಂದಳು.

ಎರಡನೇ ಸಲ ಸಂತೆಗೆ ಹೊರಟರು. ಚೆನ್ನಾಜಿ ಬುತ್ತಿ ಕೊಟ್ಟು, "ಇವತ್ತಾದರೂ ನನ್ನದೊಂದು ತೆಗೀರಿ" ಅಂದಳು. "ಬೆಳಕು ಸರಿಯಿಲ್ಲ ಕಣೆ" ಅಂದ. ಸಂತೆಯನ್ನೆಲ್ಲ ಒಂದೇ ತಗಡಿಗೆ ತುಂಬಿ ತಂದ. "ನೂರು ಜನ ಇದ್ದಾರೆ, ಒಬ್ಬರೂ ಕಾಣಲ್ಲ" ಅಂದಳು ಮುದುಕಿ. "ಒಬ್ಬರನ್ನ ನೋಡು. ನೆರಳು ಯಾವ ಕಡೆ ಬೀಳುತ್ತೆ ಅಂತ ನೋಡು."

ಮಾತು ನಾಟಿತು. ಆಮೇಲೆ ಬಿಡುವಾದಾಗಲೆಲ್ಲ ಓಣಿ ಓಣಿ ಅಲೆದು, ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡಿ ಬಿಂಬ ಹಿಡಿದ. ಮೀನು ಮಾರುವ ಗೌರಿಯ ಒಂದೊಂದು ಸುಕ್ಕೂ ಅವನಿಗೆ ಬಾಯಿಪಾಠವಾಯಿತು.

ಮೂರನೇ ಸಲ ಹೊಳೆಯ ಮೆಟ್ಟಿಲಿಗೆ ಹೊರಟರು. ಚೆನ್ನಾಜಿ ತಲೆ ಬಾಚಿ, ಹೂ ಮುಡಿದು, ಬುತ್ತಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಏನೂ ಕೇಳಲಿಲ್ಲ. ಕಾಳಿಂಗನೇ, "ಬಂದು ತೆಗೀತೀನಿ, ಈಗ ಬೆಳಕು ಸರಿಯಿಲ್ಲ" ಅಂದು, ಬುತ್ತಿಯನ್ನೂ ಮರೆತು ನಡೆದ. ಆ ದಿನ ಹೊಳೆಯಲ್ಲಿ ಅವನು ಹಿಡಿದ ಬಿಂಬ ಕಂಡು, "ಈಗ ನಿನಗೆ ಕಣ್ಣು ಬಂತು" ಅಂದಳು ಸಿದ್ದಾಜಮ್ಮ.

ಕಣ್ಣು ಬಂದವನು ಊರಿಗೆ ಬಂದರೆ ಊರಲ್ಲಿ ನರಪಿಳ್ಳೆಯಿಲ್ಲ. ಒಲೆಗಳು ಉರಿಯುತ್ತಿದ್ದವು, ಬಾಗಿಲುಗಳು ತೆರೆದಿದ್ದವು. ಮಸಿಮಾರನೆಂಬ ಮಾಯಾವಿ ಕಪ್ಪು ಗಾಳಿಯಾಗಿ ಬಂದು, ರಾಜನಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಎಲ್ಲರನ್ನೂ ನುಂಗಿ ಊರಾಚೆಯ ತನ್ನ ಗುಹೆ ಸೇರಿದ್ದ. ಉಳಿದವರು ಹೊಳೆಗೆ ಹೋಗಿದ್ದ ಈ ಗುಂಪಿನವರಷ್ಟೇ.

ಕಾಳಿಂಗ ಪೆಟ್ಟಿಗೆ ಎತ್ತಿಕೊಂಡು ಗುಹೆಗೆ ಹೋದ. ಬಾಗಿಲಲ್ಲಿ ಹೊಗೆಯ ಹುಲಿಯಿತ್ತು. ಓಡುವವರನ್ನು ಮಾತ್ರ ತಿನ್ನುವ ಹುಲಿ ಅದು. ಕಾಳಿಂಗ ನಿಂತ. ಹುಲಿ ಮೂಸಿ ನೋಡಿ ಕರಗಿತು. ಒಳಗೆ ದೀಪದ ಸುತ್ತ ನೂರು ಮಸಿಮಾರರಿದ್ದರು. ಕಾಳಿಂಗ ಒಬ್ಬೊಬ್ಬರನ್ನೇ ನೋಡಿದ. ಒಬ್ಬನಿಗೆ ಮಾತ್ರ ನೆರಳಿತ್ತು. ಅವನ ಎದುರಿಗೆ ಪೆಟ್ಟಿಗೆಯ ಮುಚ್ಚಳ ತೆಗೆದು ಮುಚ್ಚಿದ. ಮಾಯಾವಿ ತಗಡಿನೊಳಗೆ ಸಿಕ್ಕಿಬಿದ್ದ.

ತಗಡನ್ನು ಅರಳಿಕಟ್ಟೆಗೆ ತಂದರು. "ನುಂಗಿದ ಮೇಲೆ ನನಗೆ ಮುಖ ನೆನಪಿರಲ್ಲ. ಬಿಂಬ ತೋರಿಸಿ, ಕಕ್ತೀನಿ" ಅಂತ ಮಸಿಮಾರ ಗೋಗರೆದ.

"ಬೇಗ ಬೇಗ ತೋರಿಸಿ" ಅಂದಳು ಸಿದ್ದಾಜಮ್ಮ. "ಹೊತ್ತು ಮುಳುಗಿದರೆ ತಗಡು ಮಾಸುತ್ತೆ, ಇವನು ಹೊರಗೆ ಬಂದು ಮತ್ತೆ ಎಲ್ಲರನ್ನೂ ನುಂಗ್ತಾನೆ. ಅಷ್ಟರೊಳಗೆ ಇವನನ್ನ ಕುಲುಮೆಗೆ ಹಾಕಬೇಕು."

ಗುಂಪಿನವರ ತಗಡುಗಳಲ್ಲಿ ಊರಿಗೆ ಊರೇ ಇತ್ತು. ಗೌರಿ ಬುಟ್ಟಿಯ ಸಮೇತ ಬಂದಳು. ರಾಜ ಬಂದ. ತೊಟ್ಟಿಲ ಮಗು ಅಳುತ್ತ ಬಂತು. ಚೆನ್ನಾಜಿ ಬರಲಿಲ್ಲ. ಮನೆಯಲ್ಲೇ ಬಿಂಬ ಹಿಡಿಯುವವನಿದ್ದಾನಲ್ಲ ಅಂತ ಅವಳದನ್ನು ಬೇರೆ ಯಾರೂ ತೆಗೆದಿರಲಿಲ್ಲ.

"ಬಾಯಲ್ಲಿ ಹೇಳ್ತೀನಿ. ದುಂಡು ಮುಖ. ಗಲ್ಲದ ಮೇಲೊಂದು ಮಚ್ಚೆ" ಅಂದ ಕಾಳಿಂಗ.

"ಬೇರೆಯವರಲ್ಲ, ಗಂಡನಾದ ನೀನೇ ಹೇಳಬೇಕು. ಎಡಗಲ್ಲವೋ ಬಲಗಲ್ಲವೋ?" ಅಂದ ಮಸಿಮಾರ.

ಕಾಳಿಂಗ ಕಣ್ಣು ಮುಚ್ಚಿ ನೆನೆಸಿಕೊಳ್ಳಲು ನೋಡಿದ. ಗೌರಿಯ ಸುಕ್ಕು ಗೊತ್ತಿತ್ತು, ಕೊಕ್ಕರೆಯ ಪುಕ್ಕ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ತಗಡುಗಳನ್ನೆಲ್ಲ ಮತ್ತೆ ಮತ್ತೆ ಹುಡುಕಿದ. ಕೆರೆಯ ಬಿಂಬದ ಮೂಲೆಯಲ್ಲಿ, ದಡದ ಮೇಲೆ, ಕೆಂಪಂಚಿನ ಬುತ್ತಿಯ ಗಂಟು ಕಾಣಿಸಿತು. ಅದನ್ನೇ ತೋರಿಸಿದ. ಮಸಿಮಾರ ಅವಳ ಕೈಯಲ್ಲಿದ್ದ ಬುತ್ತಿಯನ್ನಷ್ಟೇ ಕಕ್ಕಿದ.

"ನನ್ನನ್ನ ಉಳಿಸು" ಅಂದ ಮಾಯಾವಿ. "ಮುಂದೆ ಯಾವತ್ತಾದರೂ ಅವಳ ಮುಖ ನೆನಪಾದೀತು."

ಹೊತ್ತು ಇಳಿಯುತ್ತಿತ್ತು. ತಗಡಿನ ಅಂಚು ಆಗಲೇ ಮಾಸಿತ್ತು. ಗೌರಿ ತೊಟ್ಟಿಲ ಮಗುವನ್ನು ಎತ್ತಿಕೊಂಡು ಆಡಿಸುತ್ತಿದ್ದಳು. ಕಾಳಿಂಗ ಅವರನ್ನು ನೋಡಿದ. ಆಮೇಲೆ ಯಾರ ಕೈಗೂ ಕೊಡದೆ ತಾನೇ ಮನೆಗೆ ಹೋಗಿ, ತನ್ನ ಕುಲುಮೆಗೇ ತಗಡನ್ನು ಹಾಕಿ ತಿದಿ ಒತ್ತಿದ.

ಮಸಿಮಾರ ಸುಟ್ಟುಹೋದ. ಊರು ತೋರಣ ಕಟ್ಟಿತು, ಡೋಲು ಬಾರಿಸಿತು. ರಾಜ ಕಾಳಿಂಗನಿಗೆ ಚಿನ್ನದ ಪೆಟ್ಟಿಗೆ ಕಳಿಸಿದ. ಅವನು ಅದನ್ನು ಬಿಚ್ಚಲಿಲ್ಲ.

ಬಾಗಿಲಲ್ಲಿ, ಅವಳು ನಿಂತಿದ್ದ ಜಾಗಕ್ಕೆ ಎದುರಾಗಿ ಕೂತು ಗಂಟು ಬಿಚ್ಚಿದ. ರೊಟ್ಟಿ ಇನ್ನೂ ಬಿಸಿಯಾಗಿತ್ತು. ಸಂಜೆಬಿಸಿಲು ಬಾಗಿಲ ತುಂಬ ಬಿದ್ದಿತ್ತು. ಬೆಳಕು ಚೆನ್ನಾಗಿತ್ತು.

ಹೊಂಬಿಸಿಲಿನ ಜನರೆಲ್ಲ ಸುಖವಾಗಿದ್ದರು. ಕಾಳಿಂಗನಿಗೂ ಹಸಿವಾಗಿತ್ತು, ರೊಟ್ಟಿ ತಿಂದ.